ಅಕ್ಕನ ಪಾಲಿನ ಮಾತ್ರೆ

ಮೆಡಿಕಲ್ ಸ್ಟೋರಿನವರು ಮಾತ್ರೆಯ ಶೀಟನ್ನು ಕತ್ತರಿಸುವಾಗ ಬರುವ ಸದ್ದು ನಿಮಗೂ ಗೊತ್ತಿರಬೇಕು. ಒಣ ಹುಣಸೆಕಾಯಿಯ ಓಡು ಮುರಿದ ಹಾಗೆ ಚಟಕ್ಕೆಂದು ಸಣ್ಣಗೆ ಸಿಡಿಯುತ್ತದೆ. ಮೊನ್ನೆ ನನ್ನ ಬಿ.ಪಿ. ಮಾತ್ರೆ ತರಲು ಹೋಗಿದ್ದೆ. ಅಂಗಡಿಯವರು ಕತ್ತರಿಯನ್ನು ಶೀಟಿನ ನಡುವೆ ಇಡುವಷ್ಟರಲ್ಲಿ ನಾನು ಕೈ ಅಡ್ಡ ಹಿಡಿದು, ಕತ್ತರಿಸಬೇಡಿ, ಪೂರ್ತಿ ಶೀಟೇ ಕೊಡಿ ಎಂದೆ. ಕತ್ತರಿ ಇನ್ನೊಂದು ಚೂರು ಮುಂದೆ ಬಂದಿದ್ದರೆ ನನ್ನ ಹೆಬ್ಬೆರಳಿಗೇ ಬೇರೆ ಔಷಧಿ ಬೇಕಾಗುತ್ತಿತ್ತು. ಅವರು ನನ್ನನ್ನು ಒಂದು ಥರ ನೋಡಿ, ಶೀಟನ್ನು ಕವರಿಗೆ ಹಾಕಿ ಕೊಟ್ಟರು. ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿ ಮಂಜುಳ ನಕ್ಕಳು. ನನ್ನ ಈ ಚಾಳಿ ಅವಳಿಗೆ ಹೊಸದಲ್ಲ. ಅದು ಎಲ್ಲಿಂದ ಬಂತು ಎಂಬುದೂ ಅವಳಿಗೆ ಗೊತ್ತು.

ಕತ್ತರಿಸಿದ ತುಂಡಿನಲ್ಲಿ ಮಾತ್ರೆಯ ಹೆಸರು ಅರ್ಧ ಹೋಗಿರುತ್ತದೆ. ಅವಧಿ ಮುಗಿಯುವ ತಿಂಗಳು ಇನ್ಯಾರದೋ ಮನೆ ಸೇರಿರುತ್ತದೆ. ನಮಗೆ ಉಳಿಯುವುದು ಬಣ್ಣವೊಂದೇ. ಬಣ್ಣ ನೋಡಿಕೊಂಡು ಮಾತ್ರೆ ನುಂಗುತ್ತಿದ್ದ ಊರಿನವನು ನಾನು, ಹಾಗಾಗಿ ಈ ಭಯ.

ನಮ್ಮೂರು ಹಾರೋಹಳ್ಳಿಗೂ ಮರಳವಾಡಿಗೂ ನಡುವೆ ಇರುವ ಸಣ್ಣ ಹಳ್ಳಿ. ನಾನು ಚಿಕ್ಕವನಾಗಿದ್ದಾಗ ಅಲ್ಲಿ ಮಾತ್ರೆಗಳು ಇರಲೇ ಇಲ್ಲ ಅನ್ನಬಹುದು. ಕೆಮ್ಮಿಗೆ ಶುಂಠಿ ಕಷಾಯ, ಹೊಟ್ಟೆನೋವಿಗೆ ಓಮದ ನೀರು, ಬೇಸಿಗೆ ರಜೆ ಶುರುವಾದ ಕೂಡಲೇ ಮಕ್ಕಳನ್ನೆಲ್ಲ ಹಿಡಿದು ಕೂರಿಸಿ ಹರಳೆಣ್ಣೆ. ಹರಳೆಣ್ಣೆಯ ದಿನ ನಾನು ಹುಲ್ಲಿನ ಮೆದೆಯ ಹಿಂದೆ ಅಡಗಿಕೊಳ್ಳುತ್ತಿದ್ದೆ. ನನ್ನ ಕಾಲು ಹೊರಗೆ ಕಾಣುತ್ತಿದ್ದುದು ನನಗೊಬ್ಬನಿಗೇ ಗೊತ್ತಿರುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಹುಳ ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆ ಮೇಲೆತ್ತಿ ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳ ಜ್ವರಕ್ಕೆ ಕೂತಿದೆ, ಗಲಾಟೆ ಮಾಡಬೇಡಿ ಎಂದು ಅಪ್ಪ ನಮ್ಮನ್ನು ಹೊರಗೆ ಅಟ್ಟುತ್ತಿದ್ದರು. ಒಮ್ಮೆ ನನಗೂ ಜ್ವರ ಬಂತು. ಇನ್ನೇನು ನನ್ನ ಚರ್ಮವೂ ಕಳಚಿ ಬೀಳುತ್ತದೆ ಎಂದು ಕಂಬಳಿಯೊಳಗೆ ಮಲಗಿ ತೋಳು ತಡವಿಕೊಂಡು ಕಾದಿದ್ದೆ. ಜ್ವರ ಬಿಟ್ಟಿತು, ಚರ್ಮ ಹಾಗೇ ಉಳಿಯಿತು. ಸ್ವಲ್ಪ ನಿರಾಸೆಯಾಯಿತೆಂದೇ ಹೇಳಬೇಕು.

ಆಮೇಲೆ ಹಾರೋಹಳ್ಳಿ ಕಡೆ ಕೈಗಾರಿಕಾ ಪ್ರದೇಶ ಬಂತು. ಹೊಲಗಳ ನಡುವೆ ತಗಡಿನ ಶೆಡ್ಡುಗಳು ಎದ್ದವು. ಬೆಳಿಗ್ಗೆ ನಮ್ಮೂರಿನ ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗಲು ಗಾರ್ಮೆಂಟ್ಸ್ ವ್ಯಾನು ಬರತೊಡಗಿತು. ನಾನೂ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರಿದೆ. ವಾಹನಗಳಿಗೆ ವೈರು ಜೋಡಿಸಿ ಕೊಡುವ ಫ್ಯಾಕ್ಟರಿ ಅದು. ಸರ್ಕಲ್ಲಿನಲ್ಲಿ ಒಂದರ ಪಕ್ಕ ಒಂದು ಮೆಡಿಕಲ್ ಸ್ಟೋರ್ ತೆರೆದವು. ಶಿಫ್ಟು ಮುಗಿಸಿ ಬರುವವರ ಊಟದ ಡಬ್ಬಿಯ ಚೀಲದಲ್ಲಿ ಮಾತ್ರೆಗಳು ಹಳ್ಳಿಗೆ ಬಂದವು. ಮೈಕೈ ನೋವಿಗೆ ಬಿಳಿಯದು, ನೆಗಡಿಗೆ ಹಳದಿಯದು, ಗ್ಯಾಸಿಗೆ ಗುಲಾಬಿಯದು. ಹೆಸರು ಯಾರಿಗೂ ಬೇಕಿರಲಿಲ್ಲ. ಕಬ್ಬಿಣದ ಸಲಾಕೆ ಕೇಳುವವರ ಹಾಗೆ, ಒಸಿ ದಪ್ಪದು ಕೊಡಿ ಎಂದು ಕೇಳುವವರೂ ಇದ್ದರು. ದಪ್ಪದ್ದಕ್ಕೆ ಶಕ್ತಿ ಜಾಸ್ತಿ ಎಂಬುದು ನಂಬಿಕೆ.

ನಮ್ಮ ಅವ್ವನ ಹೆಸರು ಚೆನ್ನಮ್ಮ. ಕೊಡುವುದು ಅವಳಿಗೆ ಉಸಿರಾಡಿದಷ್ಟು ಸಹಜ. ಹಾಲಿಗೆ ಹೆಪ್ಪು ಬೇಕೆಂದು ಯಾರಾದರೂ ಬಟ್ಟಲು ಹಿಡಿದು ಬಂದರೆ, ಹೆಪ್ಪಿನ ಜೊತೆ ಒಂದು ಚೊಂಬು ಮಜ್ಜಿಗೆಯೂ ಹೋಗುತ್ತಿತ್ತು. ಅವರೆಕಾಯಿ ಕಾಲದಲ್ಲಿ ಅವಳ ಮಡಿಲು ಖಾಲಿಯಾಗುವವರೆಗೂ ಹೊಲದಿಂದ ಮನೆಗೆ ದಾರಿ ಸಾಗುತ್ತಿರಲಿಲ್ಲ. ಯಾರ ಮನೆ ಮುಂದೆ ಹಾದರೂ ಒಂದು ಹಿಡಿ. ಅಪ್ಪ ಬದುಕಿದ್ದಾಗ ಇದನ್ನು ನೋಡಿ, ನಿಮ್ಮವ್ವ ಹೊಲಕ್ಕೆ ಹೋದರೆ ಊರಿಗೆ ಊಟ, ನಮಗೆ ಸಿಪ್ಪೆ ಎಂದು ನಗುತ್ತಿದ್ದರು.

ಇಂಥವಳಿಗೆ ಸಕ್ಕರೆ ಕಾಯಿಲೆ ಬಂತು. ಕನಕಪುರದ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ ಬರೆದರು. ಊಟ ಬಿಡಬಾರದು, ಮಾತ್ರೆ ಬಿಡಬಾರದು ಎಂದರು. ಅವ್ವ ಎರಡಕ್ಕೂ ಆಗಲಿ ಎಂದು ತಲೆಯಾಡಿಸಿದಳು. ಕೆಲವೇ ವಾರಗಳಲ್ಲಿ ಅವಳ ಬಾಯಾರಿಕೆ ನಿಂತಿತು, ಸುಸ್ತು ಹೋಯಿತು, ಮತ್ತೆ ಹೊಲಕ್ಕೆ ಹೋಗತೊಡಗಿದಳು. ಆ ಬಿಳಿ ಮಾತ್ರೆಯ ಮೇಲೆ ಅವಳಿಗೆ ಹುಟ್ಟಿದ ನಂಬಿಕೆ ದೇವರ ಮೇಲಿನದಕ್ಕಿಂತ ಒಂದು ಕೂದಲೆಳೆ ಕಡಿಮೆ ಇದ್ದೀತು, ಅಷ್ಟೆ. ಬಿಸ್ಕತ್ತಿನ ಡಬ್ಬಿಯೊಂದನ್ನು ತೊಳೆದು ಒಣಗಿಸಿ ಅದರಲ್ಲಿ ಮಾತ್ರೆಗಳನ್ನು ಇಟ್ಟಳು. ದಿನದ ಪಾಲನ್ನು ಶೀಟಿನಿಂದ ಕತ್ತರಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಹೊಲದಲ್ಲಿದ್ದರೂ ಮರೆಯಬಾರದು ಅಂತ. ನಾನು ಅದನ್ನು ನೋಡಿ, ನಮ್ಮವ್ವ ಎಷ್ಟು ಶಿಸ್ತು ಎಂದು ಫ್ಯಾಕ್ಟರಿಯಲ್ಲಿ ಹೇಳಿಕೊಂಡು ಬೀಗುತ್ತಿದ್ದೆ.

ಈಗ ದೊಡ್ಡವ್ವನ ವಿಷಯಕ್ಕೆ ಬರಬೇಕು. ಅವಳು ಅವ್ವನ ಸ್ವಂತ ಅಕ್ಕ, ಹೆಸರು ಸಾಕಮ್ಮ. ಇಬ್ಬರೂ ಕೂಟಗಲ್ಲಿನ ಹೆಣ್ಣುಮಕ್ಕಳು. ಮೊದಲು ಅಕ್ಕನನ್ನು ನಮ್ಮೂರಿಗೆ ಕೊಟ್ಟರಂತೆ. ತಂಗಿ ಅಕ್ಕನ ಮನೆಗೆ ಬಂದವಳು ವಾಪಸು ಹೋಗಲು ಅಳುತ್ತಿದ್ದುದನ್ನು ನೋಡಿ ಇದೇ ಊರಿನಲ್ಲೇ ಗಂಡು ಹುಡುಕಿದರಂತೆ. ಇದನ್ನು ದೊಡ್ಡವ್ವ ಹೇಳುತ್ತಿದ್ದಳು, ಅವ್ವ ಸುಳ್ಳು ಅನ್ನುತ್ತಿದ್ದಳು. ಎರಡು ಮನೆಗಳ ನಡುವೆ ಇದ್ದದ್ದು ಒಂದು ಬೀದಿ, ಒಂದು ನುಗ್ಗೆಮರ. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ಇನ್ನೊಂದು ಮನೆಯಲ್ಲಿ ಸೀನು ಬರುವಷ್ಟು ಹತ್ತಿರ.

ದೊಡ್ಡವ್ವನಿಗೆ ಆ ವರ್ಷ ಯಾಕೋ ನಿತ್ರಾಣ ಶುರುವಾಯಿತು. ನೀರಿನ ಕೊಡ ಎತ್ತಿದರೆ ಏದುಸಿರು, ಎದ್ದು ನಿಂತರೆ ಕಣ್ಣು ಕತ್ತಲೆ. ಆಸ್ಪತ್ರೆಗೆ ಹೋಗೋಣ ಎಂದು ಅವಳ ಮಗ ಶಿವಣ್ಣ ಕರೆದ, ನಾನು ಕರೆದೆ, ಅವ್ವ ಕರೆದಳು. ಅವಳು ಒಪ್ಪಲಿಲ್ಲ. ದೊಡ್ಡಪ್ಪ ಹೊಟ್ಟೆನೋವೆಂದು ಆಸ್ಪತ್ರೆಗೆ ನಡೆದುಕೊಂಡು ಹೋದವರು ಬರುವಾಗ ನಡೆದು ಬರಲಿಲ್ಲ. ಅಂದಿನಿಂದ ಅವಳಿಗೆ ಆಸ್ಪತ್ರೆಯ ಫಿನಾಯಿಲ್ ವಾಸನೆ ಬಂದರೂ ಕಾಲು ಹಿಂದಕ್ಕೆ ಸರಿಯುತ್ತಿತ್ತು. ಮನೆಯಲ್ಲಿ ಶಿವಣ್ಣ, ಸೊಸೆ ಇಬ್ಬರೂ ಫ್ಯಾಕ್ಟರಿಗೆ ಹೋಗುವವರು. ಬಲವಂತ ಮಾಡಲು ಅವರಿಗೂ ಪುರುಸೊತ್ತಿರಲಿಲ್ಲ.

ಅಕ್ಕ ಆಸ್ಪತ್ರೆಗೆ ಹೋಗುವುದಿಲ್ಲ ಎಂದಮೇಲೆ ಅವ್ವ ಆಸ್ಪತ್ರೆಯನ್ನೇ ಬೀದಿ ದಾಟಿಸಿದಳು. ಇದು ನಮಗೆ ತಿಳಿದದ್ದು ಆಮೇಲೆ. ಸುಸ್ತು, ತಲೆಸುತ್ತು ತನಗೂ ಹಿಂಗೇ ಆಗಿತ್ತಲ್ಲ, ಆ ಮಾತ್ರೆಯಿಂದಲೇ ಹೋಯಿತಲ್ಲ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಕಾಯಿಲೆಯೂ ಒಂದೇ ಇರಬೇಕು ಎಂಬುದು ಅವಳ ಲೆಕ್ಕಾಚಾರ. ಇಬ್ಬರಿಗೂ ಸಾಲುವಷ್ಟು ಮಾತ್ರೆ ಡಬ್ಬಿಯಲ್ಲಿ ಇರಲಿಲ್ಲ. ಅದಕ್ಕೂ ಅವಳ ಬಳಿ ದಾರಿ ಇತ್ತು. ಬೆಳಗಿನ ಮಾತ್ರೆಯನ್ನು ಅಕ್ಕನಿಗೆ ಕೊಟ್ಟಳು, ರಾತ್ರಿಯದನ್ನು ತಾನು ಇಟ್ಟುಕೊಂಡಳು. ದಿನಾ ಬೆಳಿಗ್ಗೆ ನುಗ್ಗೆಮರದ ಕೆಳಗೆ ಸೆರಗಿನ ಗಂಟು ಬಿಚ್ಚಿ ಅಕ್ಕನ ಅಂಗೈಗೆ ಮಾತ್ರೆ ಹಾಕಿ, ನುಂಗುವವರೆಗೂ ನಿಂತಿರುತ್ತಿದ್ದಳು. ಕೆಲವು ದಿನ ಮಾತ್ರೆ ನುಂಗಿದ ಮೇಲೆ ಮೈ ನಡುಗುತ್ತದೆ, ಬೆವರು ಬರುತ್ತದೆ ಎಂದು ದೊಡ್ಡವ್ವ ಹೇಳಿದಳಂತೆ. ಅದು ಔಷಧಿ ಕೆಲಸ ಮಾಡ್ತಿರೋದು ಕಣಕ್ಕ, ಮುದ್ದೆ ಉಂಡರೆ ಸರಿಹೋಗ್ತದೆ ಎಂದಳಂತೆ ಅವ್ವ. ಉಂಡರೆ ಸರಿಹೋಗುತ್ತಲೂ ಇತ್ತು. ಹಾಗಾಗಿ ಇಬ್ಬರಿಗೂ ಅನುಮಾನ ಬರಲಿಲ್ಲ.

ದೊಡ್ಡವ್ವನಿಗೆ ಶನಿವಾರ ಒಪ್ಪತ್ತು. ಸಂಜೆ ದೀಪ ಹಚ್ಚಿದ ಮೇಲೆಯೇ ಊಟ. ಮುಂಚಿನ ಶನಿವಾರಗಳನ್ನು ಬೆಲ್ಲದ ಕಾಫಿಯಲ್ಲೇ ಹೇಗೋ ದಾಟಿಸಿದ್ದಳಂತೆ.

ಆ ಶನಿವಾರ ನನಗೆ ಸೆಕೆಂಡ್ ಶಿಫ್ಟು. ಮನೆಯಲ್ಲೇ ಇದ್ದೆ. ಹೊತ್ತು ನೆತ್ತಿಗೇರುವ ಮುಂಚೆ ಮಂಜುಳ ನುಗ್ಗೆಸೊಪ್ಪು ಕೊಯ್ಯಲು ಹೋದವಳು ಬರಿಗೈಲಿ ಓಡಿಬಂದು ನನ್ನನ್ನು ಕರೆದಳು. ದೊಡ್ಡವ್ವ ಜಗಲಿಯ ಮೇಲೆ ಗೋಡೆಗೆ ಒರಗಿ ಕುಸಿದಿದ್ದಳು. ಸೀರೆ ನೀರಿನಲ್ಲಿ ಅದ್ದಿ ತೆಗೆದ ಹಾಗೆ ಬೆವರಿನಿಂದ ಒದ್ದೆ. ಕೈ ನಡುಗುತ್ತಿತ್ತು. ಕಣ್ಣು ತೆರೆದೇ ಇದ್ದರೂ ನಮ್ಮನ್ನು ನೋಡುತ್ತಿರಲಿಲ್ಲ. ತೊದಲುತ್ತಾ ಅವ್ವನನ್ನು ಕರೆಯುತ್ತಿದ್ದಳು.

"ಚೆನ್ನೀ, ಕರ ಬಿಚ್ಕೊಂಡೋಯ್ತು ಕಣೇ, ಹಿಡ್ಕೊ."

ಕೂಟಗಲ್ಲಿನ ತೌರುಮನೆಯಲ್ಲಿ ಯಾವತ್ತೋ ಬಿಚ್ಚಿಕೊಂಡು ಹೋದ ಕರು ಅದು. ಅವ್ವ ಅಷ್ಟು ಹೊತ್ತಿಗೆ ಬಂದು ಅಕ್ಕನ ಮುಂದೆ ಮಂಡಿಯೂರಿ ಕೂತು, ಹಿಡ್ಕೊಂಡೆ ಕಣಕ್ಕ, ಹಿಡ್ಕೊಂಡೆ ಎಂದು ಅವಳ ಕೈಯನ್ನು ಹಿಡಿದುಕೊಂಡಳು.

ಜನ ಸೇರಿದರು. ಪಕ್ಕದ ಮನೆಯ ಬೋರಣ್ಣ, ಗಾಳಿ ಸೋಕಿರಬೇಕು, ಮರಳವಾಡಿ ಹತ್ತಿರ ಒಬ್ಬರು ತಾಯಿತ ಕಟ್ಟುತ್ತಾರೆ, ಅಲ್ಲಿಗೆ ಕರೆದೊಯ್ಯೋಣ ಎಂದ. ಇನ್ಯಾರೋ ಬಾಯಿಗೆ ನೀರು ಬಿಡಲು ಚೊಂಬು ತಂದರು. ಮಂಜುಳ ತಡೆದಳು. ಹಲ್ಲು ಕಚ್ಚಿಕೊಂಡಿದ್ದಾಳೆ, ಎಂಜಲೇ ನುಂಗುತ್ತಿಲ್ಲ, ಈಗ ನೀರು ಬಿಟ್ಟರೆ ನೆತ್ತಿಗೆ ಹತ್ತುತ್ತದೆ ಎಂದು ಚೊಂಬನ್ನು ಕಿತ್ತು ಕೆಳಗಿಟ್ಟಳು. ಫೋನು ಮಾಡಿದರೆ ಬರುವ ಆಂಬುಲೆನ್ಸು ಆಗಿನ್ನೂ ನಮ್ಮ ಕಡೆ ಇರಲಿಲ್ಲ. ಗಾರ್ಮೆಂಟ್ಸ್ ವ್ಯಾನು ಹೆಣ್ಣುಮಕ್ಕಳನ್ನು ಬಿಟ್ಟು ಬಂದು ಅರಳಿಕಟ್ಟೆಯ ನೆರಳಿನಲ್ಲಿ ನಿಂತಿತ್ತು. ಡ್ರೈವರನ್ನು ಎಬ್ಬಿಸಿ, ದೊಡ್ಡವ್ವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಕನಕಪುರಕ್ಕೆ ಹೊರಟೆವು. ಅವ್ವ ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಮಂಜುಳ ಮನೆ ನೋಡಿಕೊಳ್ಳಲು, ಶಿವಣ್ಣನಿಗೆ ಸುದ್ದಿ ಮುಟ್ಟಿಸಲು ಉಳಿದಳು.

ದಾರಿಯಲ್ಲಿ ನಾನು ಮುಂದಿನ ಸೀಟಿನಿಂದ ತಿರುಗಿ ತಿರುಗಿ ನೋಡುತ್ತಿದ್ದೆ. ದೊಡ್ಡವ್ವನ ತೊದಲು ಮಾತು ನಿಂತಿತ್ತು. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಊರ ಹೊರಗಿನ ಕೆರೆ ಏರಿ ದಾಟಿದ ಮೇಲೆ ಗಂಟು ಬಿಚ್ಚಿ, ಒಂದು ತುಂಡು ಶೀಟನ್ನು ನನ್ನ ಕಡೆ ಚಾಚಿದಳು.

"ಮಗ, ಇದ್ನ ಡಾಕ್ಟ್ರಿಗೆ ತೋರಿಸ್ಬೇಕು ಕಣಪ್ಪ. ನನ್ ಸಕ್ಕರೆ ಮಾತ್ರೆ. ನಾನು ದಿನಾ ಅಕ್ಕನ್ಗೆ ಕೊಡ್ತಿದ್ದೆ. ಇವತ್ತೂ ಕೊಟ್ಟೆ."

ಅವಳ ಮುಖ ನೋಡಿದರೆ ಕೇಳಬೇಕಾದದ್ದನ್ನೆಲ್ಲ ಅವಳು ತನ್ನನ್ನೇ ಕೇಳಿಕೊಂಡು ಮುಗಿಸಿದ ಹಾಗಿತ್ತು. ನಾನು ಶೀಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಡ್ರೈವರನಿಗೆ ಇನ್ನಷ್ಟು ಬೇಗ ಹೋಗಪ್ಪ ಎಂದೆ.

ಆಸ್ಪತ್ರೆಯಲ್ಲಿದ್ದ ಡಾಕ್ಟರು ವಯಸ್ಸಿನಲ್ಲಿ ಚಿಕ್ಕ ಹೆಣ್ಣುಮಗಳು. ನಾನು ಬಾಯಿ ತೆರೆಯುವ ಮುಂಚೆಯೇ ಅವ್ವ ಮುಂದೆ ಹೋಗಿ, ನನ್ನ ಮಾತ್ರೆ ಇವಳಿಗೆ ಕೊಟ್ಟಿದ್ದೀನಿ ಕಣವ್ವ, ಇವತ್ತು ಇವಳು ಏನೂ ಉಂಡಿಲ್ಲ ಎಂದು ಒಂದೇ ಉಸಿರಿಗೆ ಹೇಳಿದಳು. ಡಾಕ್ಟರು ದೊಡ್ಡವ್ವನ ಬೆರಳು ಚುಚ್ಚಿ ರಕ್ತ ನೋಡಿದರು. ಸಕ್ಕರೆ ತೀರಾ ತಳ ಕಂಡಿತ್ತು. ಕೈಯ ನರಕ್ಕೆ ಗ್ಲೂಕೋಸ್ ಕೊಟ್ಟರು. ನಾವು ಬಾಗಿಲ ಬಳಿ ನಿಂತು ನೋಡುತ್ತಿದ್ದ ಹಾಗೇ ದೊಡ್ಡವ್ವನ ಕಣ್ಣಿಗೆ ನೋಟ ಬಂತು. ಅವಳು ಸುತ್ತ ನೋಡಿ, ಮೂಗು ಅರಳಿಸಿ ಫಿನಾಯಿಲ್ ವಾಸನೆ ಹಿಡಿದು, ನನ್ನ ಇಲ್ಲಿಗ್ಯಾಕೆ ತಂದ್ರಿ ಎಂದು ಸಿಟ್ಟಿನಿಂದ ಕೇಳಿದಳು. ಆ ಸಿಟ್ಟನ್ನು ಕೇಳಿ ನನಗೆ ಅಳು ಬಂತು. ಕಾರಿಡಾರಿನಲ್ಲಿ ನೀರು ಕುಡಿಯುವ ನೆಪ ಮಾಡಿ ನಲ್ಲಿಯ ಕಡೆ ಹೋದೆ.

ಎದ್ದು ಕೂತಳಲ್ಲ, ಕರೆದುಕೊಂಡು ಹೋಗಬಹುದೇ ಎಂದು ಕೇಳಿದೆ. ಡಾಕ್ಟರು ಬೇಡ ಎಂದರು. ಗ್ಲೂಕೋಸ್ ಬೇಗ ಖರ್ಚಾಗುತ್ತದೆ, ಮಾತ್ರೆ ಇನ್ನೂ ಮೈಯಲ್ಲಿ ಕೆಲಸ ಮಾಡುತ್ತಲೇ ಇರುತ್ತದೆ, ಸಕ್ಕರೆ ಮತ್ತೆ ಕುಸಿಯಬಹುದು, ಇಲ್ಲೇ ಇಟ್ಟುಕೊಂಡು ಆಗಾಗ ನೋಡುತ್ತಿರಬೇಕು ಎಂದರು. ಎಷ್ಟು ಹೊತ್ತು ನೋಡಬೇಕು ಎಂಬುದಕ್ಕೆ ಅದು ಯಾವ ಮಾತ್ರೆ ಎಂದು ಗೊತ್ತಾಗಬೇಕಿತ್ತು. ನಾನು ಮುಷ್ಟಿ ಬಿಚ್ಚಿ ತುಂಡನ್ನು ಕೊಟ್ಟೆ. ಅದರಲ್ಲಿ ಹೆಸರಿನ ಬಾಲ ಮಾತ್ರ ಇತ್ತು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು. ಯಾವ ಬಣ್ಣದ ಮಾತ್ರೆ ಎಂದು ಹೇಳಲು ಅವ್ವ ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು.

ನಾನು ಫೋನು ಮಾಡಿ ಮಂಜುಳಳ ಕೈಯಲ್ಲಿ ಡಬ್ಬಿ ತೆಗೆಸಿದೆ. ಅವಳು ಉಳಿದ ಶೀಟಿನ ಮೇಲಿದ್ದ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದಿದಳು. ನಾನು ಈ ಕಡೆ ಒಂದೊಂದಾಗಿ ಜೋರಾಗಿ ಹೇಳಿದೆ. ಕಾರಿಡಾರಿನಲ್ಲಿ ಕೂತಿದ್ದ ರೋಗಿಗಳೆಲ್ಲ, ಇವನ್ಯಾರೋ ಈ ವಯಸ್ಸಿನಲ್ಲಿ ಎ ಬಿ ಸಿ ಡಿ ಕಲಿಯುತ್ತಿದ್ದಾನೆ ಎಂದು ನೋಡುತ್ತಿದ್ದರು. ಹೆಸರು ಪೂರ್ತಿ ಆದ ಮೇಲೆ ಡಾಕ್ಟರು, ಇದು ಬಹಳ ಹೊತ್ತು ಇರುವ ಮಾತ್ರೆ, ನಾಳೆಯವರೆಗೂ ಬಿಡುವುದಿಲ್ಲ ಎಂದರು. ಅವರು ಹೇಳಿದಂತೆ ಸಂಜೆ ಹೊತ್ತಿಗೆ ಸಕ್ಕರೆ ಇನ್ನೊಮ್ಮೆ ಕುಸಿಯಿತು. ಆಸ್ಪತ್ರೆಯಲ್ಲೇ ಇದ್ದುದರಿಂದ ತಕ್ಷಣ ಹಿಡಿದು ಮೇಲೆತ್ತಿದರು. ಹಟ ಮಾಡಿ ಮನೆಗೆ ಕರೆದೊಯ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಲು ಇವತ್ತಿಗೂ ನನಗೆ ಇಷ್ಟವಿಲ್ಲ.

ಆ ಡಾಕ್ಟರು ಅವ್ವನನ್ನು ಬೈಯಲಿಲ್ಲ. ಎದುರು ಸ್ಟೂಲಿನ ಮೇಲೆ ಕೂರಿಸಿಕೊಂಡರು. ನಿಮಗೆ ಸಕ್ಕರೆ ಜಾಸ್ತಿ ಇದೆ, ಅದನ್ನು ಇಳಿಸಲು ಈ ಮಾತ್ರೆ. ನಿಮ್ಮ ಅಕ್ಕನಿಗೆ ಸಕ್ಕರೆ ಕಾಯಿಲೆಯೇ ಇಲ್ಲ. ಸರಿಯಾಗಿದ್ದುದನ್ನು ಮಾತ್ರೆ ಇನ್ನೂ ಕೆಳಗೆ ಇಳಿಸಿತು, ಹೊಟ್ಟೆಯೂ ಖಾಲಿ ಇತ್ತು ಎಂದು ಬಿಡಿಸಿ ಹೇಳಿದರು. ಅಕ್ಕನಿಗೆ ಇದ್ದದ್ದು ರಕ್ತ ಕಡಿಮೆ. ಸುಸ್ತು ಎರಡರಲ್ಲೂ ಬರುತ್ತದೆ, ಔಷಧಿ ಮಾತ್ರ ಬೇರೆ ಬೇರೆ. ಕೊನೆಗೆ ಅವರು ಅವ್ವನ ಕೈ ಮೇಲೆ ಕೈಯಿಟ್ಟು ಹೇಳಿದರು:

"ಅಮ್ಮಾ, ನೀವು ಬಂದ ತಕ್ಷಣ ನಿಜ ಹೇಳಿದ್ರಲ್ಲ, ಅದರಿಂದ ನಮಗೆ ತುಂಬಾ ಸಹಾಯ ಆಯ್ತು. ಎಷ್ಟೋ ಜನ ಬೈತಾರೆ ಅಂತ ಮುಚ್ಚಿಡ್ತಾರೆ."

ಅವ್ವ ಕಣ್ಣೊರೆಸಿಕೊಳ್ಳಲು ಬಗ್ಗಿದಾಗ ಡಾಕ್ಟರ ನೋಟ ಅವಳ ಕಾಲಿನ ಮೇಲೆ ಬಿತ್ತು. ಹಿಮ್ಮಡಿಯ ಹತ್ತಿರ ಜಾಲಿಮುಳ್ಳು ಚುಚ್ಚಿದ ಗಾಯವೊಂದು ವಾಸಿಯಾಗದೆ ಹಾಗೇ ಇತ್ತು. ಅರಿಶಿನ ಮೆತ್ತಿಕೊಂಡು ಓಡಾಡುತ್ತಿದ್ದಳು. ಅವಳ ಬೆರಳನ್ನೂ ಚುಚ್ಚಿ ನೋಡಿದರು. ಅಕ್ಕನ ಸಕ್ಕರೆ ತಳ ಹಿಡಿದಿದ್ದರೆ ತಂಗಿಯದು ಆಕಾಶಕ್ಕೆ ಏರಿ ಕೂತಿತ್ತು. ತನ್ನ ಪಾಲಿನ ಅರ್ಧವನ್ನು ಕೊಟ್ಟು, ಅಷ್ಟು ದಿನ ಅರ್ಧ ಔಷಧಿಯಲ್ಲೇ ಇದ್ದಳು. ಆ ಗಾಯ ಇನ್ನೂ ಸ್ವಲ್ಪ ದಿನ ಬಿಟ್ಟಿದ್ದರೆ ಕಾಲಿಗೇ ಕಷ್ಟವಿತ್ತು. ಹೀಗೆ ಅಕ್ಕನನ್ನು ಸೇರಿಸಲು ಬಂದವಳಿಗೂ ಅದೇ ವಾರ್ಡಿನಲ್ಲಿ ಡ್ರೆಸ್ಸಿಂಗ್ ಆಯಿತು. ಪ್ರೀತಿ ಒಂದೇ ಮಾತ್ರೆಯಲ್ಲಿ ಇಬ್ಬರನ್ನು ಕೆಡವಿತ್ತು.

ಸಂಜೆ ಶಿವಣ್ಣ ಶಿಫ್ಟು ಬಿಟ್ಟು ಓಡಿಬಂದ. ಹೆದರಿದ್ದ. ಹೆದರಿದವನ ಬಾಯಿಂದ ಬರುವ ಮಾತೇ ಅವನ ಬಾಯಿಂದಲೂ ಬಂತು.

"ಚಿಕ್ಕವ್ವ, ನೀನೇನ್ ಡಾಕ್ಟ್ರಾ? ನಮ್ಮವ್ವನ್ನ ಸಾಯಿಸ್ಬುಡ್ತಿದ್ದೆಯಲ್ಲ."

ಅವನು ಆಮೇಲೆ ಎಷ್ಟೋ ಸಲ ಅದಕ್ಕೆ ನೊಂದುಕೊಂಡ. ಆದರೆ ಆಡಿಯಾಗಿತ್ತು.

ದೊಡ್ಡವ್ವ ಮನೆಗೆ ಬಂದಳು. ಅವ್ವ ನುಗ್ಗೆಮರ ದಾಟಿ ಆ ಕಡೆ ಹೋಗುವುದನ್ನು ನಿಲ್ಲಿಸಿದಳು. ಅಷ್ಟೇ ಆಗಿದ್ದರೆ ಏನೋ ಅನ್ನಬಹುದಿತ್ತು. ಅವಳು ಯಾರಿಗೂ ಏನನ್ನೂ ಕೊಡುವುದನ್ನೇ ಬಿಟ್ಟಳು. ಹೆಪ್ಪು ಕೇಳಿಕೊಂಡು ಬಂದವರಿಗೆ ಇಲ್ಲ ಕಣವ್ವ ಎಂದು ವಾಪಸು ಕಳಿಸಿದಳು. ಒಳಗೆ ಮೊಸರಿನ ಗಡಿಗೆ ತುಂಬಿತ್ತು. ಹೊಲದಿಂದ ತಂದ ಅವರೆಕಾಯಿಯನ್ನು ಮಡಿಲಲ್ಲೇ ಮನೆಯವರೆಗೂ ತಂದು ಮೊರಕ್ಕೆ ಸುರಿದಳು. ಯಾಕವ್ವ ಎಂದು ಮಂಜುಳ ಕೇಳಿದರೆ, ನನ್ನ ಕೈ ಒಳ್ಳೇದಲ್ಲ ಕಣವ್ವ ಎಂದು ಕಾಯಿ ಸುಲಿಯುತ್ತಾ ಕೂತಳು. ತನ್ನ ಮಾತ್ರೆಗಳನ್ನು ಮಾತ್ರ ಡಾಕ್ಟರು ಹೇಳಿದ ಹಾಗೆ ಎರಡು ಹೊತ್ತೂ ನುಂಗುತ್ತಿದ್ದಳು. ಗಾಯ ಒಣಗುತ್ತಾ ಬಂತು. ಆದರೆ ಮನೆಯಲ್ಲಿ ಒಂದು ಸದ್ದು ಕಡಿಮೆಯಾಗಿತ್ತು. ಬಾಗಿಲಲ್ಲಿ ನಿಂತು ಯಾರನ್ನಾದರೂ ಕರೆದು ಏನಾದರೂ ಕೊಡುವ ಅವಳ ಸದ್ದು.

ಆ ಕಡೆ ದೊಡ್ಡವ್ವನದು ಬೇರೆ ಕಷ್ಟ. ಆಸ್ಪತ್ರೆಯವರು ರಕ್ತ ಹೆಚ್ಚಲು ಕಬ್ಬಿಣಾಂಶದ ಮಾತ್ರೆ ಕೊಟ್ಟಿದ್ದರು. ಊಟವಾದ ಮೇಲೆ ನುಂಗಬೇಕು, ಕಾಫಿ ಟೀ ಜೊತೆ ಬೇಡ, ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಡಿ ಎಂದು ಹೇಳಿ ಕಳಿಸಿದ್ದರು. ಅವಳು ಒಂದನ್ನೂ ನುಂಗಲಿಲ್ಲ. ಶಿವಣ್ಣ ಕೊಟ್ಟರೆ ಬಾಯಲ್ಲಿಟ್ಟುಕೊಂಡು ಅವನು ಆಚೆ ಹೋದ ಮೇಲೆ ಉಗಿಯುತ್ತಿದ್ದಳು. ಸೊಸೆ ಕೊಟ್ಟರೆ ಸೆರಗಿನಲ್ಲಿ ಮರೆಸುತ್ತಿದ್ದಳು. ಒಂದು ಮಾತ್ರೆ ಮೈಯನ್ನು ಹಾಗೆ ಕೆಡವಿದ ಮೇಲೆ ಇನ್ನೊಂದನ್ನು ಹೇಗೆ ನಂಬುವುದು ಎಂಬುದು ಅವಳ ಭಯ. ಮೊದಲಿನಂತೆಯೇ ಸುಸ್ತು, ಮೊದಲಿನಂತೆಯೇ ಏದುಸಿರು. ಮುಖ ದಿನೇ ದಿನೇ ಬಿಳಿಚಿಕೊಳ್ಳುತ್ತಿತ್ತು. ಮನೆಯೊಳಗಿಂದ ಅವ್ವ ಕಿಟಕಿಯಲ್ಲಿ ಅದನ್ನು ನೋಡುತ್ತಿದ್ದಳು.

ಒಂದು ಮಧ್ಯಾಹ್ನ ದೊಡ್ಡವ್ವ ತಾನೇ ಬಂದಳು. ಬೀದಿ ದಾಟುವಷ್ಟರಲ್ಲಿ ನುಗ್ಗೆಮರ ಹಿಡಿದು ನಿಂತು ಉಸಿರು ತೆಗೆದುಕೊಂಡು, ನಮ್ಮ ಜಗಲಿಗೆ ಬಂದು ಕೂತಳು. ಕೈಯಲ್ಲಿ ಆಸ್ಪತ್ರೆಯ ಕವರಿತ್ತು. ಅವ್ವ ಬಾಗಿಲಿಗೆ ಬಂದು ಅಲ್ಲೇ ನಿಂತಳು. ನಾನು ಒಳಗೆ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದವನು ಹಾಗೇ ನಿಂತೆ.

"ಚೆನ್ನೀ, ಇದ್ನ ನೀನು ಕೊಟ್ರೆ ನುಂಗ್ತೀನಿ," ಎಂದಳು ದೊಡ್ಡವ್ವ. "ಬೇರೆ ಯಾರ್ ಕೊಟ್ರೂ ಗಂಟ್ಲಲ್ಲಿ ಇಳಿಯಕಿಲ್ಲ."

"ನನ್ ಕೈಯಿಂದ ಇಸ್ಕೊಂಡೇ ಅಲ್ವಾ ಅಕ್ಕ, ನೀನು ಹೋಗ್ಬುಡ್ತಿದ್ದುದು."

"ನಿನ್ ಕೈ ಏನ್ ಮಾಡ್ತು? ಅವತ್ತು ನೀನ್ ಕೊಟ್ಟಿದ್ದು ನಿನ್ ಮಾತ್ರೆ. ಇದು ನನ್ ಮಾತ್ರೆ."

ಅವ್ವ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ಅತ್ತಳೋ ನಕ್ಕಳೋ ನನಗೆ ಹಿಂದಿನಿಂದ ಕಾಣಲಿಲ್ಲ, ಭುಜ ಅಲುಗುತ್ತಿತ್ತು. ಆಮೇಲೆ ಎದ್ದು ಕೈ ತೊಳೆದುಕೊಂಡಳು. ಮಂಜುಳಳನ್ನು ಕರೆದು ಕವರಿನ ಮೇಲೆ ಯಾರ ಹೆಸರಿದೆ ಓದು ಎಂದಳು. ಸಾಕಮ್ಮ ಎಂದು ಮಂಜುಳ ಓದಿದಳು. ಇನ್ನೊಂದು ಸಲ ಓದಿಸಿದಳು. ಶೀಟಿನ ಮೇಲಿನ ಹೆಸರನ್ನೂ ಚೀಟಿಯಲ್ಲಿದ್ದ ಹೆಸರನ್ನೂ ಪಕ್ಕ ಪಕ್ಕ ಇಟ್ಟು, ತನಗೆ ಓದಲು ಬಾರದಿದ್ದರೂ, ಅಕ್ಷರದ ಆಕಾರ ಒಂದೇ ಇದೆಯೇ ಎಂದು ಬೆರಳಿಟ್ಟು ನೋಡಿದಳು. ಮಾತ್ರೆಯನ್ನು ಬಿಡಿಸಿ ಅಂಗೈಗೆ ಹಾಕಿಕೊಂಡ ಮೇಲೆ ಅಕ್ಕನನ್ನು ಕೇಳಿದಳು, ಉಂಡ್ಯಾ ಅಂತ. ದೊಡ್ಡವ್ವ ಇಲ್ಲ ಎಂದಳು. ಅವ್ವ ಮಾತ್ರೆಯನ್ನು ಒಂದು ಬಟ್ಟಲಿನಲ್ಲಿಟ್ಟು ಒಳಗೆ ಹೋಗಿ, ಬಿಸಿ ಮುದ್ದೆ, ಬಸ್ಸಾರು ಬಡಿಸಿಕೊಂಡು ಬಂದಳು. ಅಕ್ಕ ಉಂಡು ಮುಗಿಸುವವರೆಗೂ ಎದುರು ಕೂತಿದ್ದಳು.

ಅವತ್ತಿನಿಂದ ಅದೇ ನಡೆಯಿತು. ಮಧ್ಯಾಹ್ನದ ಊಟ ದೊಡ್ಡವ್ವನಿಗೆ ನಮ್ಮ ಮನೆಯಲ್ಲೇ. ನಿಧಾನಕ್ಕೆ ಅವಳ ಕಣ್ಣಿನ ಒಳಗೆ ಕೆಂಪು ಕಂಡಿತು, ನೀರಿನ ಕೊಡ ಮತ್ತೆ ಸೊಂಟಕ್ಕೆ ಬಂತು. ಆಸ್ಪತ್ರೆಯ ವಾಸನೆಯೂ ಅಭ್ಯಾಸವಾಯಿತು. ನಮ್ಮ ಮನೆಯ ಬಾಗಿಲಿಗೆ ಹೆಪ್ಪಿನ ಬಟ್ಟಲುಗಳೂ ಒಂದೊಂದಾಗಿ ವಾಪಸು ಬಂದವು. ಅವ್ವ ಯಾರಿಗೂ ಇಲ್ಲ ಎನ್ನಲಿಲ್ಲ.

ತಿಂಗಳ ಚೆಕಪ್ಪಿಗೆ ಅಕ್ಕತಂಗಿಯರು ಒಂದೇ ಬಸ್ಸಿನಲ್ಲಿ ಕನಕಪುರಕ್ಕೆ ಹೋಗುತ್ತಿದ್ದರು. ಒಮ್ಮೆ ನನಗೂ ಅಲ್ಲಿ ಕೆಲಸವಿದ್ದು ಜೊತೆಗೆ ಹೋದೆ. ಬಸ್ಸಿನಲ್ಲಿ ಜನವೋ ಜನ. ಮೂರು ಜನದ ಸೀಟಿನಲ್ಲಿ ಇಬ್ಬರೂ ಚೀಲ ಪಾತ್ರೆ ಹರಡಿಕೊಂಡು ಕೂತು, ಕ್ಷಣಕ್ಕೊಮ್ಮೆ ಒಬ್ಬರ ಮಡಿಲಿನಿಂದ ಇನ್ನೊಬ್ಬರ ಮಡಿಲಿಗೆ ಕಡಲೆಪುರಿ, ಎಲೆ ಅಡಿಕೆ ದಾಟಿಸುತ್ತಿದ್ದರು. ಹಾರೋಹಳ್ಳಿಯಲ್ಲಿ ಹತ್ತಿದ ಒಬ್ಬ ಹೆಂಗಸು ಅವರ ಪಕ್ಕದ ಕಂಬಿ ಹಿಡಿದು ನಿಂತಳು. ಬಾಡಿದ ಮುಖ, ಕೆಲಸದ ಬಟ್ಟೆ. ಅವ್ವನ ಕೈಯಲ್ಲಿದ್ದ ಕವರು ನೋಡಿ, ಯಾಕಮ್ಮ ಆಸ್ಪತ್ರೆಗಾ ಎಂದು ಮಾತು ತೆಗೆದಳು. ಅವ್ವ ಸಕ್ಕರೆ ಎಂದಳು. ನಂಗೂ ಅದೇ ಇದ್ದಂಗೈತೆ ಕಣಮ್ಮ, ಯಾವಾಗ ನೋಡಿದರೂ ಸುಸ್ತು, ಬಾಯಾರಿಕೆ, ರಜ ಹಾಕಿ ತೋರಿಸ್ಕೊಳ್ಳೋಕೆ ಆಗಿಲ್ಲ, ನಿಮ್ಮದ್ರಲ್ಲಿ ಒಂದು ಮಾತ್ರೆ ಕೊಟ್ಟಿರಿ ಎಂದು ಸಲಿಗೆಯಿಂದ ಕೈ ಚಾಚಿದಳು.

ಅವ್ವ ಆ ಚಾಚಿದ ಅಂಗೈಯನ್ನು ನೋಡಿದಳು. ದೊಡ್ಡವ್ವ ಅವ್ವನನ್ನು ನೋಡಿದಳು. ಅವ್ವ ಕವರನ್ನು ಸೆರಗಿನೊಳಕ್ಕೆ ಸೇರಿಸಿ, ಅಕ್ಕನನ್ನು ಮೊಣಕೈಯಿಂದ ಕಿಟಕಿಯ ಕಡೆ ಒತ್ತಿ, ತಾನೂ ಸರಿದು, ಚೀಲವನ್ನು ಕಾಲಬುಡಕ್ಕೆ ತಳ್ಳಿ ಸೀಟಿನಲ್ಲಿ ಜಾಗ ಮಾಡಿದಳು.

"ಮಾತ್ರೆ ಕೊಡಕಿಲ್ಲ ಕಣವ್ವ," ಎಂದಳು, ಆ ಹೆಂಗಸಿನ ಕೈಯನ್ನು ಹಿಡಿದು ಕೂರಿಸಿಕೊಳ್ಳುತ್ತಾ. "ನಮ್ ಜೊತೇಲೇ ಇಳಿ. ನಾನೇ ಡಾಕ್ಟ್ರತ್ರ ಕರ್ಕೊಂಡೋಯ್ತೀನಿ."